ಪುಲಿಗೆರೆಯ ಕಲ್ಲು ಮತ್ತು ನಮ್ಮ ವಿದ್ಯಾರ್ಥಿಗಳು

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಗದಗ ಭಾಗದ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದ ಯುವಕನೊಬ್ಬ ತಾನು ಬರೆದ ಪ್ರಬಂಧವನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ಬಂದಿದ್ದ. ವಿಷಯ ಲಕ್ಷ್ಮೇಶ್ವರದ ಇತಿಹಾಸ. ಹದಿನಾಲ್ಕು ಪುಟಗಳು; ಭಾಷೆ ಅಚ್ಚುಕಟ್ಟು; ಕೊನೆಯಲ್ಲಿ ಆಧಾರಗ್ರಂಥಗಳ ಉದ್ದನೆಯ ಪಟ್ಟಿ. ಆರನೆಯ ಪುಟದಲ್ಲಿ ಒಂದು ಶಾಸನದ ಉಲ್ಲೇಖವಿತ್ತು. ಅರಸನ ಹೆಸರು, ಶಕವರ್ಷ, ಶಾಸನ ಅಚ್ಚಾದ ಸಂಪುಟ, ಪುಟಸಂಖ್ಯೆ ಎಲ್ಲವನ್ನೂ ಕೊಟ್ಟಿದ್ದ. ನನಗೆ ಅಂಥದೊಂದು ಶಾಸನದ ನೆನಪಿರಲಿಲ್ಲ.

"ಇದು ಎಲ್ಲಿ ಸಿಕ್ಕಿತಪ್ಪಾ?" ಎಂದು ಕೇಳಿದೆ.

"ಮೊಬೈಲ್‌ನ್ಯಾಗ ಕೇಳಿದ್ನ್ರಿ ಫಾದರ್, ಅದ ಬರದು ಕೊಟ್ತು" ಎಂದ.

ಸಂಪುಟವನ್ನು ಹುಡುಕಿ ತೆಗೆದೆವು. ಹೇಳಿದ ಪುಟದಲ್ಲಿ ಇದ್ದುದು ಬೇರೊಂದು ಜಿಲ್ಲೆಯ, ಬೇರೊಬ್ಬ ಅರಸನ ಶಾಸನ. ಪ್ರಬಂಧದಲ್ಲಿದ್ದ ಅರಸನು ನಿಜ, ಆತನ ಕಾಲವೂ ನಿಜ, ಸಂಪುಟವೂ ನಿಜ. ಶಾಸನವೊಂದೇ ಎಲ್ಲಿಯೂ ಇರಲಿಲ್ಲ. ಹುಡುಗನ ಮುಖ ಸಣ್ಣದಾಯಿತು. "ಪುಟದ ನಂಬರ ಸೈತ ಐತಲ್ರಿ ಫಾದರ್?" ಎಂದು ಮತ್ತೆ ಮತ್ತೆ ಕೇಳಿದ. ಸುಳ್ಳು ಇಷ್ಟು ವಿವರವಾಗಿ ಇರಬಲ್ಲದು ಎಂಬುದೇ ಅವನಿಗೆ ಒಗಟಾಗಿತ್ತು. ಕೃತಕ ಬುದ್ಧಿಮತ್ತೆಯ ಇಂಥ ಯಂತ್ರಗಳು ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನದೆ, ಇರಬಹುದಾದದ್ದನ್ನು ಇರುವಂತೆಯೇ ಹೆಣೆದು ಕೊಡುವುದುಂಟು ಎಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಅವನನ್ನು ಗದರಿಸಲು ನನಗೆ ಮನಸ್ಸು ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಅವನು ಬರೆಯಹೊರಟ ಲಕ್ಷ್ಮೇಶ್ವರದಲ್ಲಿಯೇ ಇಂಥ ಪ್ರಶ್ನೆಯೊಂದು ಕಲ್ಲಿನ ಮೇಲೆ ಸಾವಿರ ವರ್ಷಗಳಿಂದ ಕುಳಿತಿದೆ ಎಂಬುದನ್ನು ಓದುಗರ ಗಮನಕ್ಕೆ ತರಬೇಕು.

ಇಂದಿನ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲ್, ಕೊಪಣ, ಒಂಕುಂದಗಳ ಜೊತೆಗೆ ಈ ಊರನ್ನು ಹೆಸರಿಸುತ್ತದೆ. ಕ್ರಿ.ಶ. 941ರಲ್ಲಿ ಭಾರತವನ್ನು ಬರೆದ ಪಂಪನಿಗೂ ಪುಲಿಗೆರೆಯ ಕನ್ನಡವೇ ಮೇಲ್ಪಂಕ್ತಿ. ಈ ಊರಿನ ಶಂಖ ಬಸದಿಗೆ ಸಂಬಂಧಿಸಿದ ಶಾಸನಶಿಲೆಯೊಂದನ್ನು ಜೆ.ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಓದಿ, 1878ರಲ್ಲಿ 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ. ಫ್ಲೀಟ್ ಮುಂಬಯಿ ಪ್ರಾಂತ್ಯದ ಸಿವಿಲ್ ಸೇವೆಗೆ ಬಂದವನು. ದಕ್ಷಿಣ ಭಾಗದ ಶಿಕ್ಷಣ ಇನ್ಸ್‌ಪೆಕ್ಟರನಾಗಿ ನಮ್ಮ ಕಡೆಯ ಹಳ್ಳಿಗಳನ್ನು ಸುತ್ತಿದವನು. 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞನಾಗಿ ನೇಮಕಗೊಂಡವನು.

ಆ ಶಿಲೆಯ ಮೇಲೆ ಗಂಗರ ಮಾರಸಿಂಹನ ದಾನಶಾಸನವಿದೆ. ಅದರ ಕಾಲ ಶಕ 890, ಅಂದರೆ ಕ್ರಿ.ಶ. 968–69. ಅದೇ ಕಲ್ಲಿನ ಮೇಲೆ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನ ಶಾಸನವೂ ಇದೆ. ಅದು ಹೇಳಿಕೊಳ್ಳುವ ಕಾಲ ಶಕ 656, ಅಂದರೆ ಕ್ರಿ.ಶ. 734–35. ಎರಡರ ನಡುವೆ 234 ವರ್ಷಗಳ ಅಂತರ. ಆದರೆ ಅಕ್ಷರಗಳಲ್ಲಿ ಆ ಅಂತರ ಕಾಣುವುದಿಲ್ಲ. ಚಾಲುಕ್ಯ ಅರಸನ ಮಾತುಗಳೂ ಹತ್ತನೆಯ ಶತಮಾನದ ಅಥವಾ ಅದಕ್ಕೂ ಈಚಿನ ಲಿಪಿಯಲ್ಲಿಯೇ ಕೊರೆಯಲ್ಪಟ್ಟಿವೆ.

ಲಿಪಿ ಎಂಬುದು ಉಡುಪಿನ ಹಾಗೆ. ತಲೆಮಾರಿನಿಂದ ತಲೆಮಾರಿಗೆ ಅದರ ಹೊಲಿಗೆ ಬದಲಾಗುತ್ತದೆ. ನಮ್ಮ ಕಾಲಕ್ಕೆ ಹೊಂದಿಸಿ ಹೇಳುವುದಾದರೆ, 1950ನೆಯ ಇಸವಿಯ ಕಾಗದವೆಂದು ಯಾರಾದರೂ ತೋರಿಸಿದ ಪತ್ರದ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಏನೆನ್ನಬೇಕು? ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದೇ ಪತ್ರದಲ್ಲಿ 'ಗದಗ ಜಿಲ್ಲೆ' ಎಂದಿದ್ದರೆ ಅದನ್ನು 1997ಕ್ಕಿಂತ ಹಿಂದೆ ಬರೆದಿರಲಾರರು. ಕಾಗದ ಎಷ್ಟೇ ಹಳದಿಯಾಗಿದ್ದರೂ ಆ ಒಂದು ಸಾಲು ಸಾಕ್ಷಿ ನುಡಿಯುತ್ತದೆ. ಫ್ಲೀಟ್ ಕಲ್ಲಿನ ಮೇಲೆ ಕಂಡದ್ದು ಇಂಥ ಸಾಕ್ಷಿಯನ್ನೇ. ಆ ಚಾಲುಕ್ಯ ಶಾಸನವು ಮೂಲವಲ್ಲ, ತರುವಾಯದವರು ಬರೆಸಿಕೊಂಡದ್ದು.

ಹಾಗಾದರೆ ಅದು ಸುಳ್ಳೇ? ಇಲ್ಲಿ ನಾವು ಅವಸರಪಡಬಾರದು. ದಾನದ ಪತ್ರಗಳು ತಾಮ್ರಪಟಗಳಲ್ಲಿದ್ದು ಸವೆದು ಹೋಗುವ ಹಂತಕ್ಕೆ ಬಂದಾಗ, ಬಸದಿಯ ಆಡಳಿತದವರು ಅವೆಲ್ಲವನ್ನೂ ಒಂದೇ ಕಲ್ಲಿಗೆ ಇಳಿಸಿರಬಹುದು. ತಮ್ಮ ಭೂಮಿಯ ಹಕ್ಕಿಗೆ ಬಲ ಬರಲೆಂದು ಹಳೆಯ ಅರಸರ ಹೆಸರಿನಲ್ಲಿ ಕೆಲವನ್ನು ಸೇರಿಸಿಯೂ ಇರಬಹುದು. ಎರಡಕ್ಕೂ ಲೋಕದಲ್ಲಿ ಉದಾಹರಣೆಗಳಿವೆ. ಆದುದರಿಂದ ವಿದ್ವಾಂಸರು ಆ ಪಾಠವನ್ನು ಬಿಸಾಡಿಲ್ಲ, ಕಣ್ಣಿಗೊತ್ತಿಕೊಂಡೂ ಇಲ್ಲ. ಅದರ ಒಂದೊಂದು ಮಾತನ್ನೂ ನಿಸ್ಸಂದೇಹವಾದ ಬೇರೆ ಶಾಸನಗಳ ಪಕ್ಕಕ್ಕಿಟ್ಟು ನೋಡುತ್ತಾರೆ.

ಸುದೈವದಿಂದ ಪಕ್ಕಕ್ಕಿಟ್ಟು ನೋಡಲು ಲಕ್ಷ್ಮೇಶ್ವರದಲ್ಲಿಯೇ ಇನ್ನೊಂದು ದಾಖಲೆಯಿದೆ. ಇದೇ ವಿಕ್ರಮಾದಿತ್ಯನು ಇನ್ನೂ ಯುವರಾಜನಾಗಿದ್ದಾಗ, ಸುಮಾರು ಕ್ರಿ.ಶ. 725ರಲ್ಲಿ, ಪುಲಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಮಾಡಿಕೊಟ್ಟ. ರಾಜಪುರುಷರು ಊರಿಗೆ ಏನನ್ನು ಸಲ್ಲಿಸಬೇಕು, ಊರು ಅರಸನಿಗೆ ಏನನ್ನು ಸಲ್ಲಿಸಬೇಕು ಎಂಬುದನ್ನು ಕಂಬದ ಮೇಲೆ ಬರೆಸಿದ ಆ ಶಾಸನವನ್ನು ಎಲ್.ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದ 14ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಅದರ ಭಾಷೆ ಹಳೆಯ ಕನ್ನಡ, ಲಿಪಿ ಆ ಕಾಲದ್ದೇ. ಒಂದೇ ಊರು, ಒಬ್ಬನೇ ವ್ಯಕ್ತಿ, ಎರಡು ದಾಖಲೆಗಳು. ಒಂದು ಆತನ ಕಾಲದ್ದು, ಇನ್ನೊಂದು ಆತ ತೀರಿಹೋಗಿ ಇನ್ನೂರು ವರ್ಷಗಳ ಮೇಲಿನದು. ಪರಾಮರ್ಶೆ ಎಂದರೇನು ಎಂದು ವಿದ್ಯಾರ್ಥಿಗೆ ತೋರಿಸಲು ಗದಗ ಜಿಲ್ಲೆಯವರು ದೂರ ಹೋಗಬೇಕಾಗಿಯೇ ಇಲ್ಲ.

ಸಂದೇಹಪಡುವುದೆಂದರೆ ಅಗೌರವ ತೋರುವುದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಅಚ್ಚಾದದ್ದನ್ನು, ಹಿರಿಯರು ಹೇಳಿದ್ದನ್ನು, ಈಗೀಗ ಪರದೆಯ ಮೇಲೆ ಮೂಡಿದ್ದನ್ನು ಪ್ರಶ್ನಿಸಲು ಅವರು ಹಿಂಜರಿಯುತ್ತಾರೆ. ಗುರುಮಠಕ್ಕೆ ಸೇರಿದ ಹೊಸತರಲ್ಲಿ ನನಗೂ ಹೀಗೆಯೇ ಇತ್ತು. ಧರ್ಮಸಭೆಯ ಚರಿತ್ರೆಯ ಪಾಠದಲ್ಲಿ 'ಕಾನ್‌ಸ್ಟಂಟೈನನ ದಾನಪತ್ರ'ದ ಪ್ರಸಂಗ ಬಂದಾಗ ನಾನು ತಬ್ಬಿಬ್ಬಾಗಿದ್ದೆ. ರೋಮನ್ ಚಕ್ರವರ್ತಿಯು ಪಶ್ಚಿಮದ ನಾಡುಗಳನ್ನೆಲ್ಲ ಪೋಪರಿಗೆ ಒಪ್ಪಿಸಿದನೆಂದು ಹೇಳುವ ಆ ಪತ್ರವನ್ನು ಮಧ್ಯಯುಗದಲ್ಲಿ ಹೆಚ್ಚಿನವರು ನಂಬಿದ್ದರು. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ಪಂಡಿತ ಅದರ ಲ್ಯಾಟಿನನ್ನು ಪದಪದವಾಗಿ ಬಿಡಿಸಿ, ನಾಲ್ಕನೆಯ ಶತಮಾನದ ರೋಮಿನಲ್ಲಿ ಇರಲು ಸಾಧ್ಯವಿಲ್ಲದ ಮಾತುಗಳು ಅದರಲ್ಲಿವೆಯೆಂದು ತೋರಿಸಿದ. ಅದು ಎಂಟನೆಯ ಶತಮಾನದ ಸೃಷ್ಟಿಯೆಂದು ಇಂದು ಎಲ್ಲರೂ ಒಪ್ಪುತ್ತಾರೆ. ವಲ್ಲಾನು ಅದನ್ನು ಬರೆದದ್ದು ಪೋಪರೊಡನೆ ವಿರಸವಿದ್ದ ಅರಸನೊಬ್ಬನ ಆಶ್ರಯದಲ್ಲಿದ್ದಾಗ ಎಂಬುದನ್ನೂ ಮರೆಯಬಾರದು. ಬರೆದವನ ಹಂಗು ಯಾರದು ಎಂಬುದೂ ವಿಚಾರಿಸತಕ್ಕ ಸಂಗತಿಯೇ. ಆದರೆ ಹಂಗು ಯಾರದೇ ಇರಲಿ, ಆತ ಕೊಟ್ಟ ಪುರಾವೆ ನಿಂತಿತು. ಮುಂದೆ ಅದೇ ವಲ್ಲಾ ಪೋಪರ ಆಸ್ಥಾನದಲ್ಲಿಯೇ ಕೆಲಸಕ್ಕೆ ಸೇರಿದ.

ನನಗೆ ಇನ್ನೂ ಪ್ರಿಯವಾದ ಪ್ರಸಂಗವೆಂದರೆ ಪಾಪೆಬ್ರೋಕ್ ಮತ್ತು ಮಾಬಿಯೋನರದು. ಸಂತರ ಚರಿತ್ರೆಗಳನ್ನು ಸೋಸುತ್ತಿದ್ದ ಯೇಸುಸಭೆಯ ಗುರು ಪಾಪೆಬ್ರೋಕ್ 1675ರಲ್ಲಿ, ಫ್ರಾನ್ಸಿನ ಹಳೆಯ ಮಠಗಳ ದಾನಪತ್ರಗಳು ನಂಬಲರ್ಹವಲ್ಲವೆಂದು ಬರೆದರು. ಅವು ಬೆನೆಡಿಕ್ಟರ ಸಭೆಯ ಮಠಗಳು. ಆ ಸಭೆಯ ಮಾಬಿಯೋನ್ ಕೋಪದಿಂದ ಕರಪತ್ರ ಬರೆಯಬಹುದಾಗಿತ್ತು. ಅವರು ಮಾಡಿದ್ದು ಬೇರೆ. ಆರು ವರ್ಷ ಹಸ್ತಪ್ರತಿಗಳ ನಡುವೆ ಕುಳಿತು, ಲಿಪಿ, ಮುದ್ರೆ, ಶಾಯಿ, ದಿನಾಂಕ ಬರೆಯುವ ಕ್ರಮ ಇವುಗಳಿಂದ ನಿಜಪತ್ರವನ್ನು ಕೂಟಪತ್ರದಿಂದ ಬೇರ್ಪಡಿಸುವುದು ಹೇಗೆಂದು 1681ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಹೊರತಂದರು. ಅದನ್ನು ಓದಿದ ಪಾಪೆಬ್ರೋಕ್ ತಮ್ಮ ಅಭಿಪ್ರಾಯ ಸೋತಿತೆಂದು ಒಪ್ಪಿ ಮಾಬಿಯೋನರಿಗೆ ಅಭಿನಂದನೆಯ ಕಾಗದ ಬರೆದರು. ನಮ್ಮ ಫ್ಲೀಟನ ಬಾಳಿನಲ್ಲಿಯೂ ಇಂಥದೊಂದು ಘಟನೆಯಿದೆ. ಗಂಗರ ತಾಮ್ರಪಟಗಳೆಲ್ಲ ಕೂಟವೆಂದು ಆತ ಬಿ.ಎಲ್. ರೈಸರೊಡನೆ ದಶಕಗಳ ಕಾಲ ವಾದಿಸಿದ. ಪೆನುಕೊಂಡದ ತಾಮ್ರಪಟಗಳು ಕೈಗೆ ಬಂದಾಗ ಅವು ನಿಜವೆಂದು ಒಪ್ಪಿಕೊಂಡ.

ಗದಗಕ್ಕೆ ಬರೋಣ. ಇಲ್ಲಿನ ತ್ರಿಕೂಟೇಶ್ವರ ದೇವಾಲಯದಲ್ಲಿ ಒಂದೂವರೆ ವರ್ಷದ ಅಂತರದ ಎರಡು ಶಾಸನಗಳಿವೆ. 1191ರಲ್ಲಿ ದೇವಗಿರಿಯ ಸೇವುಣ ಅರಸ ಭಿಲ್ಲಮನು ಹಿರಿಯ ಹಂದಿಗೋಳವನ್ನು ದೇವಾಲಯಕ್ಕೆ ದತ್ತಿಯಾಗಿ ಕೊಟ್ಟ. 1192ರಲ್ಲಿ ಅವನ ವೈರಿ ಹೊಯ್ಸಳರ ಇಮ್ಮಡಿ ಬಲ್ಲಾಳನು ಹೊಂಬಳವನ್ನು ಕೊಟ್ಟ. ದಾನ ಪಡೆದ ಆಚಾರ್ಯರು ಮಾತ್ರ ಎರಡರಲ್ಲಿಯೂ ಒಬ್ಬರೇ, ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಒಂದೊಂದೇ ಶಾಸನವನ್ನು ಓದಿದವನಿಗೆ ಅರಸನ ಪರಾಕ್ರಮದ ವರ್ಣನೆ ಸಿಗುತ್ತದೆ. ಎರಡನ್ನೂ ಎದುರುಬದುರು ಇಟ್ಟವನಿಗೆ, ಬೆಳ್ವೊಲದ ಒಡೆತನ ಆ ಹದಿನೆಂಟು ತಿಂಗಳಲ್ಲಿ ಕೈ ಬದಲಾಯಿಸಿದ್ದೂ, ಆಳುವವರು ಬದಲಾದರೂ ದೇವಾಲಯದ ಆಚಾರ್ಯರು ತಮ್ಮ ಸ್ಥಾನದಲ್ಲಿ ಅಲುಗದೆ ಇದ್ದುದೂ ಕಾಣುತ್ತದೆ. ಇದನ್ನು ಎರಡು ಶಾಸನಗಳಲ್ಲಿ ಯಾವುದೂ ಬಾಯಿಬಿಟ್ಟು ಹೇಳಿಲ್ಲ.

ಅದೇ ಊರಿನ ವೀರನಾರಾಯಣ ಗುಡಿಯ ಕಂಬಕ್ಕೊರಗಿ ಕುಮಾರವ್ಯಾಸ ಭಾರತ ರಚಿಸಿದನೆಂಬುದು ಜನರ ನಂಬಿಕೆ. ಆತನ ಕಾವ್ಯದಲ್ಲಿ ಗದುಗಿನ ವೀರನಾರಾಯಣನ ಅಂಕಿತವಿರುವುದು ಗ್ರಂಥದೊಳಗಿನ ಸಾಕ್ಷಿ. ಕಂಬದ ಕಥೆ ಐತಿಹ್ಯ. ಎರಡನ್ನೂ ಬರೆಯೋಣ, ಆದರೆ ಯಾವುದು ಯಾವುದೆಂದು ಹೇಳಿ ಬರೆಯೋಣ. ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂಬ ಮಾತೂ ಹೀಗೆಯೇ. ತೆಲಂಗಾಣದ ಕರೀಂನಗರದ ಕಡೆಯ ಕುರಿಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನವು, ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿಯನ್ನು ಸೇರಿಸಿಕೊಂಡಾಗ ಅಣ್ಣಿಗೇರಿಯೇ ಜನ್ಮಸ್ಥಳವೆಂಬ ಊಹೆ ಹುಟ್ಟುತ್ತದೆ. ಒಳ್ಳೆಯ ಊಹೆಯೇ ಸರಿ. ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ಮಾತ್ರ ಅದು ಊಹೆಯಾಗಿ ಉಳಿದಿರುವುದಿಲ್ಲ.

ಯಾವ ದಾಖಲೆಯನ್ನು ಎಲ್ಲಿ ಹುಡುಕಬೇಕೆಂಬುದೂ ಒಂದು ವಿದ್ಯೆ. ಗದಗ–ಬೆಟಗೇರಿ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಇಂದು ಒಂದೇ ಜಿಲ್ಲೆಯಲ್ಲಿವೆ. ಬಸ್ಸಿನಲ್ಲಿ ಒಂದೇ ದಿನದಲ್ಲಿ ನಾಲ್ಕನ್ನೂ ನೋಡಿಬರಬಹುದು. ಆದರೆ ಬ್ರಿಟಿಷರ ಕಾಲದಲ್ಲಿ ಗದಗ ಮತ್ತು ಮುಂಡರಗಿ ಅವರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲೂಕಾಗಿತ್ತು. ಶಿರಹಟ್ಟಿಯ ಹಳೆಯ ಜಮೀನಿನ ಲೆಕ್ಕವನ್ನು ಧಾರವಾಡದ ಕಡತಗಳಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಚೆಲ್ಲಿದವರನ್ನು ನಾನು ಬಲ್ಲೆ. ಅವರು ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ಆಗ ಇಲ್ಲಿ ಆಳುತ್ತಿದ್ದವರು ಯಾರು, ಅವರ ಬರವಣಿಗೆ ಯಾವ ಭಾಷೆಯಲ್ಲಿತ್ತು ಎಂಬುದು. ಮರಾಠಿಯ ಮೋಡಿ ಲಿಪಿ ಬಾರದವರಿಗೆ ಆ ಸಂಸ್ಥಾನಗಳ ಹಳೆಯ ಕಾಗದಗಳು ಬಾಯಿ ಬಿಡುವುದಿಲ್ಲ.

ಮುಂಡರಗಿ ಭೀಮರಾಯನ ವಿಷಯವೂ ಹೀಗೆ ಹಲವು ಕಡೆ ಹಂಚಿಹೋಗಿದೆ. ಆತ ಬಂಡೆದ್ದದ್ದು ಬ್ರಿಟಿಷರ ನೆಲದಲ್ಲಿ. 1858ರ ಜೂನ್ 1ರಂದು ಮಡಿದದ್ದು ಕೊಪ್ಪಳದ ಕೋಟೆಯಲ್ಲಿ, ಅಂದರೆ ಆಗಿನ ನಿಜಾಮನ ಸೀಮೆಯಲ್ಲಿ. ಅಧಿಕಾರಿಗಳ ವರದಿಯಲ್ಲಿ ಆತ ದಂಗೆಕೋರ, ನಮ್ಮ ಜನರ ನೆನಪಿನಲ್ಲಿ ವೀರ. ವರದಿಗೆ ತಾರೀಖಿನ ನಿಖರತೆಯಿದೆ, ಕರುಣೆಯಿಲ್ಲ. ಜನರ ನೆನಪಿಗೆ ಕರುಣೆಯಿದೆ, ತಾರೀಖಿಲ್ಲ. ಹಾಡನ್ನು ತಳ್ಳಿಹಾಕುವುದು ವಿದ್ವತ್ತೆಂದು ತಿಳಿದವರು, ಕಲ್ಲಿನ ಮೇಲೆ ಅಷ್ಟು ಕಠೋರನಾಗಿದ್ದ ಫ್ಲೀಟನೇ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದನೆಂಬುದನ್ನು ನೆನೆಯಬೇಕು. ಶಿರಹಟ್ಟಿಯ ಫಕೀರೇಶ್ವರ ಮಠದ ಭಾವೈಕ್ಯದ ಕಥೆಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಯೂ ಹೇಳಿದವರು ಯಾರು, ಅವರ ವಯಸ್ಸೆಷ್ಟು, ಅವರು ಯಾರಿಂದ ಕೇಳಿದರು, ತಾನು ಬರೆದುಕೊಂಡ ದಿನ ಯಾವುದು ಎಂಬ ನಾಲ್ಕು ಸಾಲುಗಳನ್ನು ಸೇರಿಸಿದರೆ, ಮುಂದಿನವರಿಗೆ ಅದೊಂದು ದಾಖಲೆಯಾಗುತ್ತದೆ.

ಮೂಲವನ್ನು ಹೇಳಿ ಬರೆಯುವ ಶಿಸ್ತಿಗೆ ಕನ್ನಡದಲ್ಲಿ ಕಿಟೆಲರ ನಿಘಂಟಿಗಿಂತ ದೊಡ್ಡ ಮಾದರಿ ಬೇಕಿಲ್ಲ. ಕಿಟೆಲರು ಬಾಸೆಲ್ ಮಿಶನ್ನಿನವರು; ಆ ಮಿಶನ್ನು ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ. ಬಹುಪಾಲು ಶಬ್ದಗಳ ಮುಂದೆ ಅದು ಯಾವ ಗ್ರಂಥದ್ದು, ಗಾದೆಯದೋ, ಮೈಸೂರಿನದೋ, ನಮ್ಮ ದಕ್ಷಿಣ ಮರಾಠಾ ಸೀಮೆಯದೋ ಎಂಬ ಸಂಕೇತವನ್ನು ಕೊಟ್ಟಿದ್ದಾರೆ. ಓದುಗನು ತನ್ನನ್ನು ಪರೀಕ್ಷಿಸಲಿ ಎಂದು ಬಾಗಿಲು ತೆರೆದಿಡುವ ಕೆಲಸವದು. ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಈ ಶಿಸ್ತನ್ನು ಬರೆದುಕೊಟ್ಟವರು ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನ ಫಾದರ್ ಹೆನ್ರಿ ಹೆರಾಸ್. ಭಾರತೀಯ ವಿದ್ಯಾರ್ಥಿಗಳಿಗೆ ಚರಿತ್ರೆ ಬರೆಯುವ ಕ್ರಮವನ್ನು ತಿಳಿಸುವ ಅವರ ಪುಸ್ತಕ ಬಂದದ್ದು 1926ರಲ್ಲಿ. ಅವರ ಶಿಷ್ಯ ಜಾರ್ಜ್ ಮೊರಾಯಿಸ್ 1931ರಲ್ಲಿ ಪ್ರಕಟಿಸಿದ ಕದಂಬರ ಇತಿಹಾಸವನ್ನು ಇಂದಿಗೂ ತೆರೆದು ನೋಡುತ್ತೇವೆ.

ಇನ್ನು ಹುಡುಗನನ್ನು ನಾನೇಕೆ ಗದರಿಸಲಿಲ್ಲ ಎಂಬ ಮಾತು. ಬಹಳ ವರ್ಷಗಳ ಹಿಂದೆ ನಾನು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರವೊಂದರ ಸ್ಮರಣ ಸಂಚಿಕೆಗೆ ಅದರ ಇತಿಹಾಸ ಬರೆಯುವ ಭಾಗ್ಯ ನನ್ನದಾಗಿತ್ತು. ಹಿಂದಿನ ಸಂಚಿಕೆಯೊಂದರಿಂದ ಸ್ಥಾಪನೆಯ ವರ್ಷವನ್ನು ಎತ್ತಿಕೊಂಡೆ. ಸಂಚಿಕೆ ಹಂಚಿದ ವಾರವೇ ವೃದ್ಧೆಯೊಬ್ಬರು ಬಂದು, "ಫಾದರ್, ನಮ್ಮವ್ವನ ಜ್ಞಾನಸ್ನಾನ ಇದ ಗುಡಿಯಾಗ ಆಗಿತ್ತಲ್ರಿ, ನೀವು ಬರದ ವರ್ಷಕ್ಕಿಂತ ಮೊದಲ" ಎಂದರು. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹದ ದಾಖಲೆ ಇಡಬೇಕೆಂದು ವಿಧಿಸಿದಂದಿನಿಂದ ದಾಖಲೆ ಪುಸ್ತಕ ನಮ್ಮ ಗುರುಗಳ ನಿತ್ಯದ ಕೆಲಸಗಳಲ್ಲೊಂದು. ಅದು ನನ್ನ ಕೋಣೆಯ ಪಕ್ಕದ ಕಪಾಟಿನಲ್ಲಿಯೇ ಇತ್ತು. ತೆಗೆದು ನೋಡಿದೆ. ಆಕೆ ಹೇಳಿದ್ದು ಸರಿ. ನಾನು ಬರೆದದ್ದು ಹನ್ನೊಂದು ವರ್ಷ ತಪ್ಪು. ಹತ್ತು ಹೆಜ್ಜೆ ನಡೆಯದೆ ಅಚ್ಚಾದ ಸಾಲನ್ನು ನಂಬಿದ್ದೆ. ನನ್ನ ಸಂಚಿಕೆಯಿಂದ ಆ ತಪ್ಪು ವರ್ಷ ಆಮೇಲೆ ಇನ್ನೆರಡು ಪುಸ್ತಕಗಳಿಗೆ ಹೋಯಿತು. ಅವುಗಳಲ್ಲಿ ಒಂದು ನನ್ನ ಹೆಸರನ್ನೇ ಆಧಾರವಾಗಿ ಕೊಟ್ಟಿದೆ.

ಇದನ್ನು ಆ ಹುಡುಗನಿಗೂ ಹೇಳಿದೆ. ನಕ್ಕ, ನಕ್ಕದ್ದಕ್ಕೆ ನಾಚಿಕೊಂಡ. ಮರುವಾರ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರ ಗುಡಿಯನ್ನೂ ಬಸದಿಯನ್ನೂ ನೋಡಿಬಂದ. ಹದಿನಾಲ್ಕು ಪುಟದ ಪ್ರಬಂಧ ಆರು ಪುಟಕ್ಕಿಳಿಯಿತು. ಮೂರು ಕಡೆ "ಇದನ್ನು ನಾನು ಸ್ವತಃ ನೋಡಿಲ್ಲ, ಫ್ಲೀಟರ ಪಾಠದಿಂದ ತಿಳಿದದ್ದು" ಎಂದು ಬರೆದಿದ್ದ. ಅಂಕ ಎಷ್ಟು ಬಂತೆಂದು ನಾನು ಕೇಳಲಿಲ್ಲ. ಮೊನ್ನೆ ಮತ್ತೆ ಬಂದಿದ್ದ. ಅವನ ಮುತ್ತಜ್ಜನ ಹೊಲಕ್ಕೆ ಸಂಬಂಧಿಸಿದ, ಮಿರಜ ಸಂಸ್ಥಾನದ ಕಾಲದ ಒಂದು ಹಾಳೆ ಮನೆಯ ಟ್ರಂಕಿನಲ್ಲಿ ಸಿಕ್ಕಿದೆಯಂತೆ. ಅದರ ಮೇಲಿನದು ಮೋಡಿ ಲಿಪಿ. ಅದನ್ನು ಓದಬಲ್ಲ ಹಿರಿಯರೊಬ್ಬರನ್ನು ಈಗ ನಾವಿಬ್ಬರೂ ಹುಡುಕುತ್ತಿದ್ದೇವೆ.